ಗ್ಯಾಸಿಗೆ ಅಂತ ತೆಗೆದಿಟ್ಟ ಎರಡನೇ ಮುಷ್ಟಿ ಅಕ್ಕಿ

ನೀವು ಹೊಟ್ಟೆ ಬಾಯಿ ಕಟ್ಟಿ ಉಳಿಸಿದ್ದನ್ನ ನಿಮ್ಮ ಮನೆಯವ್ರೇ ಎತ್ತಿ ಬೇರೆಯವ್ರಿಗೆ ಕೊಟ್ಟು, ಆಮೇಲೆ ನಿಮಗೇ ಪುಣ್ಯ ಬಂತು ಅಂತ ಬೆನ್ನು ತಟ್ಟಿದ್ದುಂಟಾ? ನಿಜ ಹೇಳಿ. ನನಗಂತೂ ಆಗಿದೆ. ಇಷ್ಟು ವರ್ಷ ಆದ್ರೂ ನೆನೆಸ್ಕೊಂಡಾಗೆಲ್ಲ ಕೈಲಿರೋ ಸೌಟು ಪಾತ್ರೆಗೆ ಜೋರಾಗೇ ಬಡಿಯುತ್ತೆ.

ಈಗ ಯಾಕೆ ನೆನಪಾಯ್ತು ಅಂದ್ರೆ, ನಿನ್ನೆ ಯಾವಳೋ ಹುಡುಗಿ ಒಂದು ವಿಡಿಯೋ ಹಾಕಿದ್ಲು. ತಿಂಗಳ ದಿನಸಿ ಖರ್ಚು ಅರ್ಧಕ್ಕೆ ಇಳಿಸೋದು ಹೇಗೆ ಅಂತ. ಹಿಂದೆ ಸಾಲಾಗಿ ಗಾಜಿನ ಡಬ್ಬ, ಎಲ್ಲಕ್ಕೂ ಒಂದೇ ಥರ ಮುಚ್ಚಳ. ಆ ಡಬ್ಬಗಳ ದುಡ್ಡಲ್ಲಿ ನಮ್ಮನೆ ಆರು ತಿಂಗಳು ಉಣ್ತಿತ್ತು. "ಪ್ಲ್ಯಾನ್ ಮಾಡಿ, ತಾನಾಗೇ ಉಳಿಯುತ್ತೆ" ಅಂತಾಳೆ. ಅಮ್ಮಾ ತಾಯಿ, ಪ್ಲ್ಯಾನ್ ಯಾರು ಬೇಕಾದ್ರೂ ಮಾಡ್ತಾರೆ. ಉಳಿಸಿದ್ದನ್ನ ಉಳಿಯೋಕೆ ಬಿಡೋ ಮನೆ ಎಲ್ಲಿಂದ ತರ್ತೀಯ, ಅದರದ್ದೊಂದು ವಿಡಿಯೋ ಹಾಕು ನೋಡೋಣ.

ನಾನು ಹೇಳ್ತಿರೋದು ತೊಂಬತ್ತರ ದಶಕದ ಮಾತು. ಮದುವೆ ಆಗಿ ನಾನು ಬಂದು ಸೇರಿದ್ದು ಮೈಸೂರಿನ ಮಂಡಿ ಮೊಹಲ್ಲಾದ ಒಂದು ವಠಾರಕ್ಕೆ. ಮುಂದೆ ರಸ್ತೆಗೆ ಸಗಟು ಅಂಗಡಿಗಳು, ಅದರ ಬೆನ್ನಿಗೆ ನಾವು. ಬೆಳಗ್ಗೆ ಎದ್ರೆ ಮೂಟೆ ಇಳಿಸೋ ಸದ್ದು, ಒಣಮೆಣಸಿನಕಾಯಿ ಘಾಟು. ಊರಿನ ಅಕ್ಕಿ ಬೇಳೆ ಎಲ್ಲಾ ನಮ್ಮ ಕಣ್ಣ ಮುಂದೇನೇ ಲಾರಿಯಿಂದ ಇಳಿಯೋದು, ನಮ್ಮ ಮನೆ ಒಳಗೆ ಬರೋದು ಮಾತ್ರ ತೂಕ ಹಾಕಿ, ಚಿಲ್ಲರೆ ಎಣಿಸಿ.

ಮನೆ ಅಂದ್ರೆ ಒಂದು ಹಾಲ್, ಅರ್ಧ ಗೋಡೆ ಆಚೆಗೆ ಅಡುಗೆಮನೆ. ನಾನು, ನಮ್ಮನೆಯವ್ರು, ನಮ್ಮತ್ತೆ, ಮಗಳು, ಇನ್ನೂ ನಡೆಯೋಕೆ ಬರದಿದ್ದ ಮಗ. ನಮ್ಮನೆಯವ್ರು ಬಟ್ಟೆ ಅಂಗಡೀಲಿ ಸೇಲ್ಸ್‌ಮನ್. ದಿನವಿಡೀ ಬೇರೆಯವ್ರ ಮನೆ ಹೆಂಗಸರಿಗೆ ಸೀರೆ ಬಿಚ್ಚಿ ಬಿಚ್ಚಿ ತೋರಿಸಿ, ರಾತ್ರಿ ಮನೆಗೆ ಬಂದಾಗ ಅವ್ರಿಗೆ ಮಾತಾಡೋ ಶಕ್ತೀನೂ ಇರ್ತಿರಲಿಲ್ಲ. ಸಂಬಳ ಬಂದ ದಿನ ಬಾಡಿಗೆಗೆ, ಅವ್ರ ಓಡಾಟಕ್ಕೆ ಅಂತ ತೆಗೆದಿಟ್ಟು ಮಿಕ್ಕಿದ್ದನ್ನ ನನ್ನ ಕೈಗೆ ಹಾಕೋರು. ಆಮೇಲೆ ಮುಂದಿನ ಸಂಬಳದ ತನಕ ಆ ಮನೆಯ ಹೊಟ್ಟೆ ನನ್ನ ಜವಾಬ್ದಾರಿ.

ಹೊಟ್ಟೆ ತುಂಬಿಸೋದು ನನಗೆ ಗೊತ್ತಿತ್ತು, ಅದರಲ್ಲಿ ನನಗೆ ಯಾರೂ ಪಾಠ ಹೇಳ್ಬೇಕಿರಲಿಲ್ಲ. ವಾರದಲ್ಲಿ ಮೂರು ದಿನ ನಮ್ಮನೇಲಿ ಬಸ್ಸಾರೇ. ಸೊಪ್ಪು ಕಾಳು ಬೇಯಿಸಿ, ಬಸಿದ ನೀರಿಗೆ ಖಾರ ರುಬ್ಬಿ ಹಾಕಿದ್ರೆ ಸಾರು, ಮೇಲೆ ಉಳಿದಿದ್ದಕ್ಕೆ ಒಗ್ಗರಣೆ ಕೊಟ್ರೆ ಪಲ್ಯ. ಒಂದೇ ಪಾತ್ರೆ, ಎರಡು ಅಡುಗೆ. ತರಕಾರಿಗೆ ಮಾರ್ಕೆಟ್ ಖಾಲಿ ಆಗೋ ಹೊತ್ತಿಗೆ ಹೋಗೋದು. ಮನೆಗೆ ಹೊತ್ಕೊಂಡು ಹೋಗೋಕಿಂತ ಕೊಟ್ಟು ಹೋಗೋದೇ ವಾಸಿ ಅನ್ನಿಸೋ ಟೈಮಲ್ಲಿ ತರಕಾರಿಯವ್ರು ಹೇಳೋ ಬೆಲೇನೇ ಬೇರೆ. ಹುಣಸೆಹಣ್ಣು ಸುಗ್ಗೀಲಿ ಒಂದೇ ಸಲ ತಗೊಂಡು, ಬೀಜ ಬಿಡಿಸಿ, ಉಪ್ಪು ಹಾಕಿ ಉಂಡೆ ಕಟ್ಟಿ ಇಡೋದು. ತೊಗರಿಬೇಳೆ ರೇಟು ಏರಿದಾಗ ಸಾರಿಗೆ ಕುಂಬಳಕಾಯಿ ಬೇಯಿಸಿ ಮಸೆದು ಸೇರಿಸೋದು. ಬೇಳೆ ಎಷ್ಟು, ಕುಂಬಳ ಎಷ್ಟು ಅಂತ ಇವತ್ತಿಗೂ ನಮ್ಮನೆಯವ್ರಿಗೆ ಗೊತ್ತಿಲ್ಲ.

ನನಗೆ ಉಳಿಸಬೇಕಾಗಿದ್ದು ಒಂದೇ ಒಂದು ಕಾರಣಕ್ಕೆ. ಗ್ಯಾಸ್.

ನಮ್ಮನೇಲಿದ್ದದ್ದು ಸೀಮೆಎಣ್ಣೆ ಪಂಪ್ ಸ್ಟೌ. ಹಚ್ಚೋವಾಗ ಒಂದು ಹೊಗೆ, ಆರಿಸೋವಾಗ ಇನ್ನೊಂದು ಹೊಗೆ, ನಡುವೆ ವಿಮಾನ ಹಾರಿದಂಗೆ ಸದ್ದು. ಅರ್ಧ ಗೋಡೆ ಆಚೆಗೇ ಮಕ್ಕಳು ಮಲಗೋದು. ಮಗಳಿಗೆ ಚಳಿಗಾಲ ಬಂತು ಅಂದ್ರೆ ಉಸಿರು ಕಟ್ಟೋದು. ಎದೆ ಒಳಗೆ ಬೆಕ್ಕು ಗುರ್ ಅಂದಂಗೆ ಸದ್ದು. ಸ್ಟೌ ಆರಿಸಿದ ಹೊಗೆ ಮೂಗಿಗೆ ಹೋದ್ರೆ ಕೆಮ್ಮು ಶುರು, ನಿಲ್ತಾನೇ ಇರಲಿಲ್ಲ. ಮಕ್ಕಳ ಡಾಕ್ಟ್ರು ಔಷಧಿ ಬರೆದುಕೊಟ್ಟು, ಕೊನೇಗೆ ಹೇಳಿದ್ದು ಇಷ್ಟೇ: "ಎಷ್ಟು ಔಷಧಿ ಕೊಟ್ರೂ ಅಷ್ಟೇ ಕಣಮ್ಮ. ಮೊದ್ಲು ಆ ಸ್ಟೌ ಆಚೆಗೆ ಹಾಕು."

ಹೇಳೋದು ಸುಲಭ. ಆಗ ಗ್ಯಾಸ್ ಕನೆಕ್ಷನ್ ಅಂದ್ರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯೋದು. ಈಗಿನ ಹುಡುಗ್ರಿಗೆ ಹೇಳಿದ್ರೆ ನಂಬಲ್ಲ. ನಮ್ಮ ಹೆಸರು ಮದುವೆ ಆದ ಹೊಸದರಲ್ಲೇ ಬರೆಸಿದ್ವಿ. ಸರದಿ ಬಂದಾಗ ಮನೆಗೆ ಕಾರ್ಡ್ ಬರುತ್ತೆ, ಅದರಲ್ಲಿ ಬರೆದ ದಿನದೊಳಗೆ ಡಿಪಾಸಿಟ್ ಕಟ್ಟಬೇಕು, ಕಟ್ಟಲಿಲ್ಲ ಅಂದ್ರೆ ಸರದಿ ಇನ್ನೊಬ್ರಿಗೆ. ಒಲೆ, ಪೈಪು, ಎಲ್ಲಾ ಬೇರೆ ಖರ್ಚು. ಕಾರ್ಡ್ ಯಾವಾಗ ಬೇಕಾದ್ರೂ ಬರಬಹುದು, ಬಂದಾಗ ನನ್ನ ಹತ್ರ ದುಡ್ಡಿರಬೇಕು. ಅಷ್ಟೇ ನನ್ನ ತಲೇಲಿ ಓಡ್ತಿದ್ದದ್ದು.

ಈಗ ಮುಷ್ಟಿ ಅಕ್ಕಿ ವಿಷ್ಯ ಹೇಳ್ತೀನಿ, ಗೊತ್ತಿಲ್ಲದವ್ರಿಗೆ. ನಮ್ಮದು ಲಿಂಗ ಕಟ್ಟೋ ಮನೆ, ಮಠಕ್ಕೆ ನಡ್ಕೊಳ್ಳೋರು. ಅನ್ನಕ್ಕೆ ಅಕ್ಕಿ ಅಳೆದಾಗೆಲ್ಲ, ತೊಳೆಯೋಕೆ ಮುಂಚೆ, ಅದರಿಂದ ಒಂದು ಮುಷ್ಟಿ ತೆಗೆದು ಪಕ್ಕದ ಗಡಿಗೆಗೆ ಹಾಕ್ತಾರೆ. ಅದು ಮಠಕ್ಕೆ. ತಿಂಗಳಿಗೊಂದ್ಸಲ ಮಠದ ಕಡೆಯಿಂದ ವಯಸ್ಸಾದ ಒಬ್ರು ಅಯ್ನೋರು ಚೀಲ ಹಿಡ್ಕೊಂಡು ಬರೋರು, ಗಡಿಗೆ ಬಗ್ಗಿಸಿ ಕೊಡೋದು. ಮಠದ ಹಾಸ್ಟೆಲಲ್ಲಿ ಓದೋ ಹುಡುಗ್ರ ಊಟಕ್ಕೆ ಅದು ಹೋಗುತ್ತೆ. ಅದಕ್ಕೊಂದು ನೇಮ ಇದೆ. ಮುಷ್ಟಿ ಅಂತ ತೆಗೆದಿಟ್ಟಿದ್ದು ಮತ್ತೆ ಮನೆ ಒಲೆಗೆ ಏರಂಗಿಲ್ಲ. ಮನೇಲಿ ಅಕ್ಕಿ ಮುಗಿದು ಉಪವಾಸ ಬಿದ್ರೂ ಆ ಗಡಿಗೆ ಮುಟ್ಟಂಗಿಲ್ಲ.

ಇದರ ಬಗ್ಗೆ ನನ್ನದೇನೂ ತಕರಾರಿರಲಿಲ್ಲ. ಇರೋಕೂ ಸಾಧ್ಯ ಇರಲಿಲ್ಲ. ಯಾಕಂದ್ರೆ ನಮ್ಮನೆಯವ್ರು ಓದಿದ್ದೇ ಆ ಹಾಸ್ಟೆಲಲ್ಲಿ. ನಮ್ಮತ್ತೆ ಗಂಡನ್ನ ಕಳ್ಕೊಂಡು, ಮಗನ್ನ ಅಲ್ಲಿ ಬಿಟ್ಟು, ಹಪ್ಪಳ ಸಂಡಿಗೆ ಮಾರಿ ಬದುಕಿದ ಹೆಂಗಸು. "ನಿನ್ನ ಗಂಡನ ಮೈಲಿರೋ ರಕ್ತ ಎಲ್ಲಾ ಯಾರ್ಯಾರ ಮನೆ ಮುಷ್ಟಿನೋ ಕಣಮ್ಮ" ಅನ್ನೋರು. ಅದಕ್ಕೆ ಎದುರು ಮಾತಾಡೋಕಾಗುತ್ತಾ?

ಆದ್ರೆ ದಿನಾ ಆ ಗಡಿಗೆ ತುಂಬೋದು ನೋಡಿ ನೋಡಿ ನನ್ನ ತಲೇಗೊಂದು ಯೋಚನೆ ಬಂತು. ಒಂದು ಮುಷ್ಟಿ ಹೋದ್ರೆ ಮನೇಲಿ ಯಾರಿಗೂ ಗೊತ್ತಾಗ್ತಿಲ್ಲ. ಎರಡನೇದು ಹೋದ್ರೂ ಗೊತ್ತಾಗಲ್ಲ. ಆ ಎರಡನೇದು ನನ್ನ ಗ್ಯಾಸಿಗೆ.

ಎಣ್ಣೆ ಬರೋ ಚೌಕದ ಟಿನ್ ಇರ್ತಿತ್ತಲ್ಲ, ಮೇಲೆ ಕತ್ತರಿಸಿ, ಮುಚ್ಚಳ ಮಾಡಿಸಿ ಅಕ್ಕಿಗೆ ಇಟ್ಕೊಳ್ತಿದ್ವಲ್ಲ, ಅಂಥದ್ದೊಂದು ಖಾಲಿ ಟಿನ್ ಇತ್ತು. ತೊಳೆದು ಒಣಗಿಸಿ, ಹುಳ ಬೀಳದಂಗೆ ತಳಕ್ಕೆ ಒಣಗಿದ ಬೇವಿನ ಸೊಪ್ಪು ಹಾಕಿ, ಗೋಡೆ ಮೂಲೇಲಿ ರಾಗಿ ಚೀಲದ ಹಿಂದೆ ಇಟ್ಟೆ. ಅನ್ನಕ್ಕಿಡೋವಾಗ ಒಂದು ಮುಷ್ಟಿ ಮಠದ ಗಡಿಗೆಗೆ, ಒಂದು ನನ್ನ ಟಿನ್‌ಗೆ. ಬೇಳೆಗೂ ಅಂಗೇ, ಬಟ್ಟೆ ಗಂಟು ಕಟ್ಟಿ ಅದರೊಳಗೇ. ಟಿನ್ ತುಂಬಿದ ತಿಂಗಳು ಅಂಗಡಿಯಿಂದ ಅಕ್ಕೀನೇ ತರೋದಿಲ್ಲ. ಆ ತಿಂಗಳ ಅಕ್ಕಿ ದುಡ್ಡು ಇಡೀದು ಪೋಸ್ಟ್ ಆಫೀಸಿಗೆ. ಅದಾಗಲೇ ಅಲ್ಲಿ ಸ್ವಲ್ಪ ಇತ್ತು, ಇದೂ ಸೇರಿದ್ರೆ ಕಾರ್ಡ್ ಬಂದ್ರೂ ನಾನು ಹೆದರ್ಬೇಕಿಲ್ಲ.

ಅತ್ತೆಗೆ ಯಾಕೆ ಹೇಳಲಿಲ್ಲ ಅಂತ ಕೇಳ್ತೀರ. ಎಲ್ರೂ ಅದನ್ನೇ ಕೇಳೋದು. ಹೇಳ್ತೀನಿ ಕೇಳಿ. ಅದಕ್ಕೆ ಮುಂಚೆ ಒಂದ್ಸಲ ರೇಷನ್ ಸಕ್ಕರೇಲಿ ಸ್ವಲ್ಪ ಸ್ವಲ್ಪ ಉಳಿಸಿ ಒಂದು ಡಬ್ಬ ತುಂಬಿಸಿದ್ದೆ. ದೊಡ್ಡ ಮನುಷ್ಯಳ ಥರ ಅತ್ತೆ ಮುಂದೆ ಹೇಳ್ಕೊಂಡೆ, ನೋಡಿ ಅತ್ತೆ, ಮುಂದಿನ ತಿಂಗಳು ಸಕ್ಕರೆ ತರೋದು ಬೇಡ ಅಂತ. ಆ ವಾರಾನೇ ಅವ್ರ ತಮ್ಮನ ಮಗ ಯಾವ್ದೋ ಕೋರ್ಟ್ ಕೆಲಸಕ್ಕೆ ಅಂತ ಮೈಸೂರಿಗೆ ಬಂದ. "ಸಕ್ಕರೆ ಹೆಂಗೂ ಇದೆಯಲ್ಲ" ಅಂತ ಕೇಸರಿಭಾತು. ಮಾರನೇ ದಿನ ಅವನು ಊರಿಗೆ ಹೊರಟಾಗ ಕಟ್ಟಿಕೊಡೋಕೆ ಇನ್ನೊಂದ್ಸಲ ಕೇಸರಿಭಾತು. ಡಬ್ಬ ಖಾಲಿ. ನಮ್ಮನೇಲಿ ಉಳಿದಿದೆ ಅಂತ ಬಾಯಿ ಬಿಟ್ರೆ, ಅದು ಉಳಿದಿರೋದಿಲ್ಲ. ಅದಕ್ಕೇ ಹೇಳಲಿಲ್ಲ.

ತಿಂಗಳುಗಳು ಕಳೀತು. ಟಿನ್ ಕುತ್ತಿಗೆ ಮಟ್ಟಕ್ಕೆ ಬಂತು. ನಮ್ಮನೆಯವ್ರು ಒಂದಿನ ಊಟಕ್ಕೆ ಕೂತು, "ಏನೇ, ಅನ್ನದ ತಪ್ಪಲೆ ಚಿಕ್ಕದು ತಗೊಂಡ್ಯಾ?" ಅಂದ್ರು.

"ಇಲ್ವಲ್ಲ. ನಿಮ್ಮ ಹಸಿವು ದೊಡ್ಡದಾಗಿರಬೇಕು" ಅಂದೆ. ಒಂದು ಮುದ್ದೆ ಜಾಸ್ತಿ ಹಾಕ್ದೆ. ರಾಗಿ ಅಗ್ಗ.

ಆಮೇಲೊಂದಿನ ಬೆಳಗ್ಗೆ ನಾನು ಸೀಮೆಎಣ್ಣೆಗೆ ಹೋಗಿದ್ದೆ. ರೇಷನ್ ಅಂಗಡಿ ಕ್ಯೂ ನಿಮಗೆ ಗೊತ್ತಲ್ಲ, ಕ್ಯಾನುಗಳನ್ನ ಸಾಲಾಗಿ ಇಟ್ಟು ನಾವು ನೆರಳಲ್ಲಿ ನಿಲ್ಲೋದು, ಯಾರಾದ್ರೂ ಕ್ಯಾನ್ ಮುಂದೆ ತಳ್ಳಿದ್ರೆ ಜಗಳ ಆಡೋಕೆ ಓಡೋದು. ನನ್ನ ಸರದಿ ಬಂದಾಗ ಮಧ್ಯಾಹ್ನ ಆಗಿತ್ತು. ಕ್ಯಾನ್ ಹೊತ್ಕೊಂಡು ಮನೆ ಬಾಗಿಲಿಗೆ ಬಂದೆ. ಒಳಗೆ ಮಠದ ಅಯ್ನೋರು ಚೀಲದ ಬಾಯಿ ಕಟ್ತಾ ಕೂತಿದಾರೆ. ಒಂದು ಚೀಲ ಅಲ್ಲ, ಎರಡು. ಪಕ್ಕದಲ್ಲಿ ನನ್ನ ಟಿನ್, ಬೋರಲಾಗಿ.

ಅತ್ತೆ ನನ್ನ ನೋಡಿ, "ಬಾ ತಾಯಿ ಬಾ. ನಿನ್ನ ಕಳ್ಳತನ ಇವತ್ತು ಸಿಕ್ಕಾಕೊಂತು" ಅಂದ್ರು.

ನಾನು ಕ್ಯಾನ್ ಹಿಡ್ಕೊಂಡೇ ಆ ಟಿನ್ ಕಡೆ ನೋಡಿದೆ.

"ಸದ್ದಿಲ್ಲದಂಗೆ ಎರಡೆರಡು ಮುಷ್ಟಿ ತೆಗೀತಿದ್ಯಲ್ಲಮ್ಮ, ನನಗೊಂದು ಮಾತು ಹೇಳ್ಬಾರ್ದಾ? ರಾಗಿ ಚೀಲ ಸರಿಸಿದ್ರೆ ಇಷ್ಟೆತ್ತರ ಟಿನ್ನು. ನೋಡಿ ಅಯ್ನೋರೇ, ಹುಳ ಬೀಳಬಾರ್ದು ಅಂತ ಬೇವಿನ ಸೊಪ್ಪು ಬೇರೆ ಹಾಕಿದಾಳೆ. ಬೇಳೆ ಬೇರೆ ಗಂಟು ಕಟ್ಟಿದಾಳೆ."

ಆ ಅಯ್ನೋರು ನಿಜವಾಗ್ಲೂ ಒಳ್ಳೆ ಮನುಷ್ಯ. ಅವ್ರ ಮುಖ ನೋಡಿದ್ರೆ ನನಗೆ ಬೈಯೋಕೂ ಆಗ್ಲಿಲ್ಲ. "ಬೀದಿಬೀದಿ ತಿರುಗ್ತೀನಿ ತಾಯಿ, ಹಿಂಗೆ ಬೇಳೆ ಸಮೇತ ಇಟ್ಟೋರನ್ನ ನೋಡಿಲ್ಲ. ಹುಡುಗ್ರಿಗೆ ಸಾರಿಗೂ ಆಯ್ತು" ಅಂದ್ರು.

"ಅತ್ತೆ, ಅದು..." ಅಂದೆ.

"ಬೇಡ, ಹೇಳ್ಬೇಡ. ಬಾಯಿ ಬಿಟ್ಟು ಹೇಳ್ಕೊಂಡ್ರೆ ಪುಣ್ಯ ಕಮ್ಮಿ ಆಗುತ್ತೆ" ಅಂದ್ರು ಅತ್ತೆ. ಅವ್ರ ಕಣ್ಣಲ್ಲಿ ನೀರು ಬೇರೆ.

ಅಷ್ಟು ಹೊತ್ತಿಗೆ ಅಯ್ನೋರು ವಿಭೂತಿ ತೆಗೆದು ನನ್ನ ಹಣೆಗೆ ಹಚ್ಚಿ, ಎರಡು ಚೀಲ ಎತ್ಕೊಂಡು ಹೊರಟೇಬಿಟ್ರು. ನಾನು ಸೀಮೆಎಣ್ಣೆ ಕ್ಯಾನ್ ಹಿಡ್ಕೊಂಡು ದಾರಿ ಬಿಟ್ಟೆ. ನನ್ನ ಗ್ಯಾಸು ನನ್ನ ಪಕ್ಕದಲ್ಲೇ ಬಾಗಿಲು ದಾಟ್ಕೊಂಡು ಹೋಯ್ತು.

ನನಗೆ ಹೇಳ್ಕೋಬೇಡ ಅಂದ ಅತ್ತೆ, ಸಾಯಂಕಾಲದೊಳಗೆ ಇಡೀ ವಠಾರಕ್ಕೆ ಹೇಳ್ಬುಟ್ಟಿದ್ರು.

ರಾತ್ರಿ ನಮ್ಮನೆಯವ್ರ ಹತ್ರ ನಾನು ಅತ್ತುಬಿಟ್ಟೆ. "ರೀ, ಅದು ಗ್ಯಾಸಿಗೆ ಅಂತ ಇಟ್ಟಿದ್ದು. ನೀವೇ ಅಮ್ಮಂಗೆ ಹೇಳಿ."

"ಏನಂತ ಹೇಳ್ಲಿ?"

"ಇರೋದು ಇದ್ದಂಗೆ ಹೇಳಿ."

"ನಾನು ಹೋಗಿ ಇಸ್ಕೊಂಡು ಬರ್ಲಾ? ಅಯ್ನೋರೇ, ಹುಡುಗ್ರ ತಟ್ಟೇಲಿರೋ ಅನ್ನ ಒಸಿ ವಾಪಸ್ ಕೊಡಿ ಅಂತ ಕೇಳ್ಲಾ? ಆ ತಟ್ಟೇಲಿ ತಿಂದವನು ಕಣೇ ನಾನು." ಮಗ್ಗುಲು ತಿರುಗಿದ್ರು. ಸೀರೆ ಮಡಿಚಿ ಮಡಿಚಿ ಸುಸ್ತಾದ ಮನುಷ್ಯ, ಎರಡು ನಿಮಿಷಕ್ಕೆ ಗೊರಕೆ.

ಹೋಗಿದ್ದು ಹೋಯ್ತು, ಇನ್ನು ಮುಂದೆ ಹುಷಾರಾಗಿರೋಣ ಅಂತ ಹಲ್ಲು ಕಚ್ಚಿ ಸುಮ್ಮನಾಗೋಣ ಅಂದ್ರೆ, ಅಸಲಿ ತೊಂದರೆ ಶುರುವಾಗಿದ್ದೇ ಆಮೇಲೆ. ಅನ್ನಕ್ಕೆ ಇಡೋ ಹೊತ್ತಿಗೆ ಅತ್ತೆ ಬಂದು ಪಕ್ಕದಲ್ಲಿ ನಿಲ್ಲೋಕೆ ಶುರು ಮಾಡಿದ್ರು. ಮೊದಲ್ನೇ ಮುಷ್ಟಿ ಹಾಕ್ತೀನಿ, ನೋಡ್ತಾರೆ. ಎರಡನೇದು ಹಾಕೋ ತನಕ ಅಲ್ಲಾಡಲ್ಲ. ಶುರು ಮಾಡಿದ್ದನ್ನ ನಿಲ್ಲಿಸಬಾರ್ದಂತೆ. ಈಗ ಮಠಕ್ಕೆ ಎರಡು ಮುಷ್ಟಿ ಗ್ಯಾರಂಟಿ. ನನಗೆ ಬೇಕು ಅಂದ್ರೆ ಮೂರನೇದು ತೆಗೀಬೇಕು. ಮೂರನೇದು ತೆಗೆದ್ರೆ ತಪ್ಪಲೇಲಿ ಏನು ಬೇಯುತ್ತೆ, ನೀರಾ?

ನಲ್ಲಿ ಹತ್ರ ಹೋದ್ರೆ ಎದುರು ಮನೆ ಸೊಸೆ ಬಿಂದಿಗೆ ಕುಕ್ಕಿ ಇಟ್ಲು. "ಏನಕ್ಕ, ನಿನಗೆ ಪುಣ್ಯ ಬೇಕಿದ್ರೆ ದೇವಸ್ಥಾನಕ್ಕೆ ಹೋಗ್ಬಾರ್ದಾ? ನಿಮ್ಮತ್ತೆ ಹೇಳಿದ್ ಕೇಳಿ ನಮ್ಮತ್ತೆ ಇವತ್ತು ನನ್ನ ಕೈ ಹಿಡಿದು ನೋಡಿದ್ರು, ಮುಷ್ಟಿ ತುಂಬ ಐತಾ ಇಲ್ವಾ ಅಂತ. ದಯವಿಟ್ಟು ನಿಲ್ಸು ಕಣಕ್ಕ, ಎಂಗಾದ್ರೂ ಮಾಡಿ ನಿಲ್ಸು."

"ನಿಲ್ಸೋಕೆ ಬಿಟ್ರೆ ತಾನೇ" ಅಂದೆ.

ಆಮೇಲೆ ನನಗೊಂದು ಉಪಾಯ ಹೊಳೀತು. ಇದನ್ನ ಹೇಳೋಕೆ ನನಗೇನೂ ನಾಚಿಕೆ ಇಲ್ಲ. ಮಗಳನ್ನ ಕರೆದೆ. "ಪುಟ್ಟಿ, ಇವತ್ತಿಂದ ಶಿವಪ್ಪಂಗೆ ಮುಷ್ಟಿ ನೀನು ಹಾಕ್ಬೇಕು." ಅವಳಿಗೆ ಖುಷಿಯೋ ಖುಷಿ. ಆ ಪುಟ್ಟ ಕೈಗೆ ಎಷ್ಟು ಅಕ್ಕಿ ಹಿಡಿಯುತ್ತೆ? ನನ್ನದರ ಅರ್ಧನೂ ಇಲ್ಲ. ಎರಡು ಮುಷ್ಟಿ ಅಂದ್ರೆ ಎರಡು ಮುಷ್ಟೀನೇ, ನೇಮ ತಪ್ಪಲಿಲ್ಲ. ಉಳಿದಿದ್ದು ನನ್ನದು. ಎಂಥ ಬುದ್ಧಿವಂತೆ ನಾನು ಅಂತ ನನಗೆ ನಾನೇ ಅಂದ್ಕೊಂಡೆ.

ಅತ್ತೆ ನೋಡಿದ್ರು. ಮೊಮ್ಮಗಳು ಕೈ ಮುಗಿದು ಅಕ್ಕಿ ಹಾಕೋದು ನೋಡಿ ಕರಗಿಹೋದ್ರು. ಕೆನ್ನೆ ಸವರಿ ದೃಷ್ಟಿ ತೆಗೆದ್ರು. ಆಮೇಲೆ ಆ ಪುಟ್ಟ ಕೈ ಬಿಡಿಸಿ ನೋಡಿ ಅಂದ್ರು, "ಅಯ್ಯೋ, ಮಗು ಕೈ ಎಷ್ಟಿದೆ ನೋಡು, ಮೊಗ್ಗು ಮೊಗ್ಗು. ಕಂದಾ, ನೀನು ಒಂದೊಂದಕ್ಕೂ ಎರಡೆರಡು ಸಲ ತೆಗಿ."

ಮುಗೀತು. ನಾನು ತಪ್ಪಲೆ ನೋಡಿದೆ, ಮಗಳು ನನ್ನ ನೋಡಿದ್ಲು, ಮತ್ತೆ ಕೈ ಹಾಕಿದ್ಲು.

ಕಾರ್ಡ್ ಬಂದಿದ್ದು ಆ ಚಳಿಗಾಲದಲ್ಲಿ, ಧನುರ್ಮಾಸದ ಕೊರೆಯೋ ಚಳಿ ಇದ್ದಾಗ. ಅಂಚೆಯವನು ಕೊಟ್ಟಾಗ ಖುಷಿಯಾಗಬೇಕಿತ್ತಲ್ಲ, ನಾನು ಮೊದ್ಲು ಪೋಸ್ಟ್ ಆಫೀಸ್ ಪಾಸ್‌ಬುಕ್ ತೆಗೆದು ನೋಡಿದೆ. ಏಜೆನ್ಸಿಗೆ ಹೋದ್ವಿ. ಡಿಪಾಸಿಟ್ ಒಂದೇ ಆಗಿದ್ರೆ ಹೇಗೋ ಆಗ್ತಿತ್ತು. ಒಲೇನೂ ಅವ್ರ ಹತ್ರಾನೇ ತಗೋಬೇಕು ಅಂತ ಕೂತ್ರು. ಆಚೆ ಅಂಗಡೀಲಿ ಅಗ್ಗಕ್ಕೆ ಸಿಗುತ್ತೆ ಸ್ವಾಮಿ ಅಂದ್ರೆ, "ಹಂಗಾದ್ರೆ ಗ್ಯಾಸೂ ಆಚೆ ಅಂಗಡೀಲೇ ತಗೊಳ್ಳಿ" ಅಂದ ಆ ಕೌಂಟರ್‌ನವನು. ಪೋಸ್ಟ್ ಆಫೀಸಲ್ಲಿದ್ದದ್ದೆಲ್ಲಾ ಸೇರಿಸಿದ್ರೂ ಕಮ್ಮಿ ಬಿತ್ತು. ಎಷ್ಟು ಕಮ್ಮಿ ಅಂದ್ರೆ, ಆ ಟಿನ್ ಅಕ್ಕಿ, ಆಮೇಲೆ ತಿಂಗಳು ತಿಂಗಳು ಹೋದ ಎರಡನೇ ಮುಷ್ಟಿ, ಅಷ್ಟಿದ್ದಿದ್ರೆ ಸರಿಹೋಗೋದು. ನಮ್ಮನೆಯವ್ರು ಅಂಗಡಿ ಮಾಲೀಕರ ಹತ್ರ ಅಡ್ವಾನ್ಸ್ ಕೇಳಿದ್ರು. ಅವ್ರು ಸಂಕ್ರಾಂತಿ ಕಳೀಲಿ ನೋಡೋಣ ಅಂದ್ರು. ಕಾರ್ಡಿನ ದಿನ ಸಂಕ್ರಾಂತಿಗೆ ಮುಂಚೇನೇ ಮುಗಿಯೋದಿತ್ತು.

ಅವತ್ತು ಸಾಯಂಕಾಲ ಮಗಳಿಗೆ ಮತ್ತೆ ಉಸಿರು ಕಟ್ಟಿತ್ತು. ಅತ್ತೆ ಅವಳನ್ನ ತೊಡೆ ಮೇಲೆ ಹಾಕ್ಕೊಂಡು, ಕೊಬ್ಬರಿ ಎಣ್ಣೆ ಕರ್ಪೂರ ಬಿಸಿ ಮಾಡಿ ಎದೆಗೆ ತಿಕ್ತಾ ಇದ್ರು. ನಾನು ಸ್ಟೌ ಪಂಪ್ ಹೊಡೀತಿದ್ದೆ, ಬರ್ನರ್ ತೂತು ಕಟ್ಕೊಂಡು ಬುಸ್ ಅಂತ ಹೊಗೆ ಎದ್ದಿತು.

"ಆರಿಸಮ್ಮ ಆ ದರಿದ್ರದ್ದನ್ನ. ಮಗೂಗೆ ಉಸಿರೇ ಆಡ್ತಿಲ್ಲ" ಅಂದ್ರು ಅತ್ತೆ. "ಕಾರ್ಡ್ ಬಂತು ಅಂತಿದ್ರಲ್ಲ. ಗ್ಯಾಸ್ ಏನಾಯ್ತು? ಎಲ್ಲಿದೆ?"

ನನಗೆಲ್ಲಿತ್ತೋ ಅಷ್ಟು ಸಿಟ್ಟು, "ಗ್ಯಾಸ್ ಮಠದಲ್ಲಿದೆ ಅತ್ತೆ" ಅಂದ್ಬುಟ್ಟೆ.

"ಏನು?"

"ಆ ಟಿನ್ ಅಕ್ಕಿ ಮಠಕ್ಕಲ್ಲ, ಗ್ಯಾಸಿಗೆ ಇಟ್ಟಿದ್ದು. ಬೇವಿನ ಸೊಪ್ಪು ಹಾಕಿದ್ದು ಗ್ಯಾಸಿಗೆ. ಬೇಳೆ ಗಂಟು ಕಟ್ಟಿದ್ದು ಗ್ಯಾಸಿಗೆ. ನೀವು ಎತ್ತಿ ಕೊಟ್ರಿ. ಆಮೇಲೂ ದಿನಾ ಪಕ್ಕದಲ್ಲಿ ನಿಂತು ಹಾಕಿಸಿದ್ರಿ."

ಎಣ್ಣೆ ತಿಕ್ತಿದ್ದ ಅವ್ರ ಕೈ ನಿಂತೋಯ್ತು. ಆಮೇಲೆ ಮತ್ತೆ ತಿಕ್ಕೋಕೆ ಶುರು ಮಾಡಿದ್ರು, ನಿಧಾನಕ್ಕೆ.

"ಮೊದ್ಲೇ ಹೇಳ್ಬಾರ್ದಿತ್ತಾ?"

"ಸಕ್ಕರೆ ಇದೆ ಅಂತ ಹೇಳಿದ್ದೆನಲ್ಲ ಅತ್ತೆ. ಏನಾಯ್ತು?"

ಸಾರಿ ಕಣಮ್ಮ ಅಂತ ಅವ್ರು ಅನ್ಲಿಲ್ಲ, ನಮ್ಮ ಕಡೆ ಅತ್ತೆಯಂದಿರು ಆ ಮಾತು ಆಡಿದ್ದು ನಾನು ಕೇಳಿಲ್ಲ. "ಮುಷ್ಟಿ ಅಂತ ಹೋಗಿದ್ದನ್ನ ವಾಪಸ್ ಕೇಳೋಕಾಗಲ್ಲ" ಅಂದ್ರು, ಗೋಡೆ ಕಡೆ ನೋಡ್ಕೊಂಡು. ನನಗೂ ಗೊತ್ತಿತ್ತು. ನಾನೇನು ಕೇಳ್ತೀನಿ ಅಂದಿರ್ಲಿಲ್ಲ.

ಕಾರ್ಡಿನ ದಿನ ಮುಗೀತು. ಸರದಿ ಹೋಯ್ತು. ಮತ್ತೆ ಹೆಸರು ಬರೆಸಿ ಬಂದ್ವಿ.

ಮುಂದಿನ ಸಲ ಅಯ್ನೋರು ಚೀಲ ಹಿಡ್ಕೊಂಡು ಬಂದಾಗ ನಾನು ಒಳಗೆ ಸೊಪ್ಪು ಬಿಡಿಸ್ತಿದ್ದೆ. ಅತ್ತೆ ಬಾಗಿಲಲ್ಲೇ ನಿಂತು, ಗಡಿಗೆ ಒಂದೇ ತಂದು ಬಗ್ಗಿಸಿದ್ರು. ಗಟ್ಟಿಯಾಗಿ, ವಠಾರಕ್ಕೆಲ್ಲ ಕೇಳೋ ಹಂಗೆ ಹೇಳಿದ್ರು, "ಅಯ್ನೋರೇ, ಇನ್ಮೇಲೆ ನಮ್ಮನೇದು ಒಂದೇ ಮುಷ್ಟಿ. ನನ್ನ ಸೊಸೆಗೆ ಈಗ ಕೈ ಬಿಗಿಯಂತೆ."

"ಆಗ್ಲಿ ತಾಯಿ, ಶಿವ ಕೊಟ್ಟಾಗ ಕೊಡಿ" ಅಂದ್ರು ಅವ್ರು. ಒಳಗೆ ಬಗ್ಗಿ ನನ್ನ ಕಡೆ ಒಂದು ನೋಟ ನೋಡಿದ್ರು, ಪಾಪ ಅನ್ನೋ ಥರ. ನನಗೆ ಸೊಪ್ಪಿನ ತಟ್ಟೆ ಎತ್ತಿ ಬಿಸಾಕೋ ಅಷ್ಟು ಸಿಟ್ಟು ಬಂತು. ಕೊಡೋವಾಗ ಕೊಟ್ಟೋರು ಅತ್ತೆ. ನಿಲ್ಲಿಸೋವಾಗ ಜಿಪುಣಿ ನಾನು.

ನಲ್ಲಿ ಹತ್ರ ಎದುರು ಮನೆಯವಳು ಕೈ ಹಿಡ್ಕೊಂಡು, "ಆದ್ರೂ ಶುರು ಮಾಡಿ ನಿಲ್ಲಿಸ್ಬಾರ್ದಿತ್ತು ಕಣಕ್ಕ" ಅಂದ್ಲು. ಅದೇ ಎದುರು ಮನೆಯವಳು. ಅದೇ ಬಾಯಿ.

ಒಂದು ಮಾತು ಒಪ್ಕೊಳ್ಳಲೇಬೇಕು. ಅವತ್ತಿಂದ ಆ ಎಣ್ಣೆ ಟಿನ್ ಅತ್ತೆ ಮಂಚದ ಕೆಳಗೆ ಹೋಯ್ತು. ಎರಡನೇ ಮುಷ್ಟಿ ಅವ್ರೇ ತೆಗೆಯೋರು. ಅವ್ರ ಕೈ ನನ್ನ ಕೈಗಿಂತ ದೊಡ್ಡದು, ಹಪ್ಪಳ ಒತ್ತಿದ ಕೈ. ತಮ್ಮನ ಮಗ ಮತ್ತೆ ಕೋರ್ಟಿಗೆ ಅಂತ ಬಂದಾಗ ಬಸ್ಸಾರು ಬಡಿಸಿ, "ಇದೇ ಇರೋದಪ್ಪ" ಅಂದ್ರು. ಅವನು ಮಂಚದ ಕೆಳಗೆ ಕಾಲು ಚಾಚಿದ್ರೆ, "ಕಾಲು ತೆಗಿ, ಅಲ್ಲಿ ನನ್ನ ಸೊಸೆ ಗ್ಯಾಸ್ ಇದೆ" ಅನ್ನೋರು. ಬಂದವ್ರಿಗೆಲ್ಲ ಅದೇ ಮಾತು. ನಮ್ಮನೇಲಿ ಎಣ್ಣೆ ಟಿನ್ನಲ್ಲಿ ಗ್ಯಾಸ್ ಇಟ್ಟಿದಾರೆ ಅಂತ ನೆಂಟರಲ್ಲಿ ಹೆಸರಾಯ್ತು. ಅದು ನನ್ನ ಮೇಲಿನ ಪ್ರೀತಿಗೋ, ಚುಚ್ಚೋಕೋ, ನನಗೆ ಕೊನೇ ತನಕ ತಿಳೀಲಿಲ್ಲ. ಎರಡೂ ಇರಬೇಕು.

ಮತ್ತೆ ಸರದಿ ಬರೋ ಹೊತ್ತಿಗೆ ಇನ್ನೂ ಎರಡು ಚಳಿಗಾಲ ಕಳೆದಿತ್ತು. ಡಿಪಾಸಿಟ್ಟೂ ಏರಿತ್ತು, ಒಲೆ ರೇಟೂ ಏರಿತ್ತು. ಈ ಸಲ ನನ್ನ ಹತ್ರ ಇತ್ತು. ಸಿಲಿಂಡರ್ ಬಂದ ದಿನ ಅತ್ತೆ ಅದಕ್ಕೆ ವಿಭೂತಿ ಹಚ್ಚಿ, ಹೂ ಏರಿಸಿ, ಮೊದ್ಲು ಹಾಲು ಉಕ್ಕಿಸಿದ್ರು. ಊಟಕ್ಕೆ ಕೂತು ಮೊದಲ್ನೇ ತುತ್ತಿಗೇ, "ಸ್ಟೌ ಅನ್ನದ ರುಚಿ ಇದಕ್ಕಿಲ್ಲ ಬಿಡು" ಅಂದ್ರು. ಆ ಪಂಪ್ ಸ್ಟೌನ ಅವತ್ತೇ ಗುಜರಿಗೆ ಹಾಕಿದ್ದೆ.

ಎರಡು ಸಾವಿರನೇ ಇಸವಿ ಆಚೆಗೆ ನಾವು ಕುವೆಂಪುನಗರಕ್ಕೆ ಬಾಡಿಗೆ ಮನೆಗೆ ಬಂದ್ವಿ. ಪಕ್ಕದ ಮನೆಗೆ ಹೊಸದಾಗಿ ಮದುವೆಯಾದವಳು ಬಂದ್ಲು. ಬೆಳಗ್ಗೆ ಗಂಡನ ಸ್ಕೂಟರ್ ಹಿಂದೆ ಕೂತು ಹೋದ್ಲು, ಸಾಯಂಕಾಲಕ್ಕೆ ಗ್ಯಾಸ್ ಕನೆಕ್ಷನ್. ಕಾರ್ಡಿಲ್ಲ, ಕಾಯೋದಿಲ್ಲ. "ಅದೇನು ಆಂಟಿ ದೊಡ್ಡ ವಿಷ್ಯ" ಅಂದ್ಲು ನನ್ನ ಮುಖ ನೋಡಿ. ನನಗೆ ಎಲ್ಲಿ ಉರೀಬೇಕೋ ಅಲ್ಲಿ ಉರೀತು.

ಮಗಳು ಈಗ ಕೆಲಸಕ್ಕೆ ಹೋಗ್ತಾಳೆ. ಅವಳ ಬ್ಯಾಗಲ್ಲಿ ಇವತ್ತಿಗೂ ಎಳ್ಕೊಳ್ಳೋ ಔಷಧಿ ಇರುತ್ತೆ. ಡಿಸೆಂಬರ್ ಬಂತು ಅಂದ್ರೆ ಬೇಕು. ಆ ಸ್ಟೌಗೂ ಇದಕ್ಕೂ ಸಂಬಂಧ ಇರ್ಬೇಕು ಅಂತೇನಿಲ್ಲ, ಇವಳದು ಹುಟ್ಟಿನಿಂದ ಬಂದಿದ್ದು ಅಂತಾರೆ ಈಗಿನ ಡಾಕ್ಟ್ರು. ಇರಬಹುದು. ಅವರು ಓದಿದೋರು. ಆದ್ರೆ ಆ ಎದೆ ಸದ್ದು ಕೇಳ್ಕೊಂಡು ಸ್ಟೌ ಪಂಪ್ ಹೊಡೆದವಳು ನಾನು. ಕಾರ್ಡ್ ಕೈ ತಪ್ಪಿದ ಮೇಲೆ ಹೊಗೇಲಿ ಕಳೆದ ಆ ಚಳಿಗಾಲಗಳನ್ನ ಯಾರು ವಾಪಸ್ ಕೊಡ್ತಾರೆ?

ಈ ಕಥೆ ಹೇಳಿದಾಗೆಲ್ಲ ಯಾರಾದ್ರೂ ಒಬ್ರು ಅಂದೇ ಅಂತಾರೆ, "ಹೋಗ್ಲಿ ಬಿಡಿ,‌ ಬಡ ಹುಡುಗ್ರ ಹೊಟ್ಟೆ ತುಂಬಿತಲ್ಲ, ಪುಣ್ಯ ಬಂತಲ್ಲ." ತುಂಬಿತು, ಸಂತೋಷ. ಆ ಹುಡುಗ್ರ ಮೇಲೆ ನನಗೆ ಸಿಟ್ಟಿಲ್ಲ. ಮೊದಲ್ನೇ ಮುಷ್ಟಿ ಇವತ್ತಿಗೂ ತೆಗೀತೀನಿ, ಯಾರೂ ಪಕ್ಕದಲ್ಲಿ ನಿಂತು ನೋಡ್ಬೇಕಾಗಿಲ್ಲ. ಆದ್ರೆ ಎರಡನೇದು ನಾನು ಕೊಟ್ಟಿದ್ದಲ್ಲ. ನನ್ನ ಕೈಯಿಂದ ತೆಗೆಸಿದ್ದು. ಆ ಪುಣ್ಯನೂ ಬೇಡ, ನನಗೆ ಬೇಕಾಗಿದ್ದದ್ದು ಹೊಗೆ ಬರದ ಒಂದು ಒಲೆ.

ನನ್ನ ಸಿಟ್ಟು ಇಷ್ಟಾಯ್ತು. ಈಗ ನಿಮ್ಮದು ಹೇಳಿ. ನಿಮ್ಮನೇಲಿ ಯಾವ ಡಬ್ಬ, ಏನಕ್ಕೆ ಅಂತ ಇಟ್ಟಿದ್ರಿ, ಯಾರು ಎತ್ತಿ ಯಾರಿಗೆ ಕೊಟ್ರು? ಕೆಳಗೆ ಬರೀರಿ, ಒಂದೂ ಬಿಡದೆ ಓದ್ತೀನಿ. ಎತ್ತಿ ಕೊಟ್ಟ ಅತ್ತೆಯಂದಿರು ಯಾರಾದ್ರೂ ಇದನ್ನ ಓದ್ತಿದ್ರೆ ನೀವೂ ಬರೀರಿ. ನಿಮ್ಮ ಕಡೆ ನ್ಯಾಯ ಏನಿದೆಯೋ ಅದನ್ನೂ ಕೇಳೇಬಿಡೋಣ.